ಹಿಂದಿರುಗಿಸಿದ ಹಲ್ಲು

ತಾಯಿಯ ಊರಾದ ವುನಿಮೋಲಿಯಲ್ಲಿ ಉನೈಸಿ ಯಾವ ಮನೆಗೆ ನುಗ್ಗಿ ಏನನ್ನು ಎತ್ತಿಕೊಂಡು ಹೋದರೂ ಯಾರೂ ಬೇಡ ಎನ್ನುವಂತಿರಲಿಲ್ಲ. ನಮ್ಮ ಫಿಜಿಯ ದ್ವೀಪಗಳಲ್ಲಿ ಹೆಣ್ಣುಮಕ್ಕಳ ಮಕ್ಕಳಿಗೆ ತಾಯಿಯ ತವರಿನ ಮೇಲೆ ಅಂಥದೊಂದು ಹಕ್ಕಿದೆ. ಅವರನ್ನು ‘ವಸು’ ಎನ್ನುತ್ತಾರೆ. ವಸು ಬಂದು ಕೋಳಿ ಹಿಡಿದುಕೊಂಡು ಹೊರಟರೆ ಸೋದರಮಾವ ಮುಖ ಆಚೆ ತಿರುಗಿಸಿ ಕೂರಬೇಕು, ಅಷ್ಟೆ. ಮಾವನ ಮಕ್ಕಳು ಮಾತ್ರ ಸುಮ್ಮನೆ ಬಿಡುವುದಿಲ್ಲ. ಅಟ್ಟಿಸಿಕೊಂಡು ಬಂದು ಬೆನ್ನಿಗೆ ನಾಲ್ಕು ಗುದ್ದುತ್ತಾರೆ, ಬಾಯಿಗೆ ಬಂದಂತೆ ಬೈಯುತ್ತಾರೆ. ವಸು ನಗುನಗುತ್ತ ಪೆಟ್ಟು ತಿನ್ನುತ್ತಾಳೆ, ಕೋಳಿಯನ್ನು ಬಿಡುವುದಿಲ್ಲ. ಪೆಟ್ಟು ಬಿದ್ದರೆ ಎತ್ತಿದ್ದು ಹಕ್ಕಿನದು ಎಂದಾಯಿತು. ಬೀಳದಿದ್ದರೆ ಅದು ಕಳ್ಳತನ, ಇಲ್ಲವೇ ಭಿಕ್ಷೆ.

ಉನೈಸಿಗೆ ಚಿಕ್ಕಂದಿನಿಂದ ಪೆಟ್ಟು ಹಾಕುತ್ತಿದ್ದವಳು ಮಾವ ಇನೋಕೆಯ ಮಗಳು ಸೇನಿ. ಇಬ್ಬರೂ ಒಂದೇ ಓರಗೆಯವರು. ಸೇನಿಯ ಕೈ ಒಳ್ಳೆ ಒನಕೆಯಂಥದು, ಬಾಯಿ ಅದಕ್ಕಿಂತ ಜೋರು. ಉನೈಸಿ ಅವಳ ಬಾಚಣಿಗೆಯನ್ನೋ ಒಣಗಲು ಹಾಕಿದ ಮೀನನ್ನೋ ಎತ್ತಿದ ಕೂಡಲೇ ಒದ್ದೆ ಬಟ್ಟೆ ಸುತ್ತಿ ಬೆನ್ನಿಗೆ ಬೀಸುತ್ತಿದ್ದಳು. “ನಿಮ್ಮಪ್ಪನ ಊರಲ್ಲಿ ಕೋಳಿಗಳೆಲ್ಲ ಸತ್ತುಹೋದ್ವೇನೇ?” ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ತಂದೆ ಸಮುದ್ರದ ಪಾಲಾಗಿ, ತಾಯಿ ಕಾಯಿಲೆಯಲ್ಲಿ ಹೋದಮೇಲೆ ಉನೈಸಿಗೆ ಆ ಬೈಗುಳದಷ್ಟು ಸಲಿಗೆಯ ಮಾತು ಬೇರೆಲ್ಲೂ ಉಳಿದಿರಲಿಲ್ಲ.

ಹದಿನೆಂಟು ತುಂಬಿದ ವರ್ಷ ತಂದೆಯ ಕಡೆಯ ಅತ್ತೆ ಮಕೆರೆತಾ ಬಂದು ಅವಳನ್ನು ನಾಂದಿ ಪಟ್ಟಣಕ್ಕೆ ಕರೆದುಕೊಂಡು ಹೋದಳು. ವಿಮಾನ ನಿಲ್ದಾಣದ ಹತ್ತಿರ ಅವಳದೊಂದು ಅತಿಥಿಗೃಹ. ಮನೆಗೆಲಸಕ್ಕೆ ಕೈಜೋಡಿಸಿದರೆ ಸಾಕು, ಹೋಟೆಲ್ ಕೆಲಸದ ತರಬೇತಿಗೆ ಸೇರಿಸುತ್ತೇನೆ ಎಂದಳು. ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಹೆಂಗಸು, ರಕ್ತಸಂಬಂಧಿ, ಯಾರು ತಾನೇ ಅನುಮಾನ ಪಡುತ್ತಾರೆ? ತರಬೇತಿಯ ಮಾತು ಮೊದಲ ತಿಂಗಳಲ್ಲೇ ನಿಂತುಹೋಯಿತು. ಅತಿಥಿಗೃಹದ ಹಿಂಭಾಗದಲ್ಲಿ ಒಂದು ಕೋಣೆಯಿತ್ತು, ಅದರ ಚಿಲಕ ಇದ್ದದ್ದು ಹೊರಗಡೆ. ಬರುವವರನ್ನು ಆರಿಸುತ್ತಿದ್ದವಳು ಅತ್ತೆ, ಬಾಗಿಲು ಹಾಕುತ್ತಿದ್ದವಳೂ ಅತ್ತೆ. ಬೇಡವೆಂದ ದಿನ ಪೊರಕೆಯ ಹಿಡಿ, ಅದೂ ಕೈಗೆ ಸಿಗದಿದ್ದರೆ ಇಸ್ತ್ರಿಪೆಟ್ಟಿಗೆಯ ತಂತಿ. ಮೂರು ವರ್ಷವಾದ ಮೇಲೆ ಒಂದು ಬೆಳಿಗ್ಗೆ ನೀರಿನ ಟ್ಯಾಂಕರ್‌ನವನಿಗಾಗಿ ಗೇಟು ತೆರೆದಿತ್ತು. ಉನೈಸಿ ಬರಿಗಾಲಲ್ಲಿ ನಡೆದು ಬಂದರಿನ ದಾರಿ ಹಿಡಿದಳು.

ವುನಿಮೋಲಿಗೆ ಬಂದ ದಿನವೇ ಅವಳು ಬೇಕೆಂದೇ ಸೇನಿಯ ಹೊಸ ಚಾಪೆಯನ್ನು ಸುತ್ತಿ ಕಂಕುಳಿಗಿಟ್ಟುಕೊಂಡು ಹೊರಟಳು. ಅದು ಆಸೆಯಿಂದಲ್ಲ. ತಾನು ಇನ್ನೂ ಈ ಮನೆಯವಳು ಹೌದೋ ಅಲ್ಲವೋ ನೋಡಬೇಕಿತ್ತು. ಸೇನಿ ಎಂದಿನಂತೆ ಓಡಿಬಂದು ಬೆನ್ನಿಗೊಂದು ಗುದ್ದಿದಳು. ಉನೈಸಿ ಚಾಪೆ ಬಿಸಾಕಿ ಗೋಡೆಯ ಮೂಲೆಗೆ ಸೇರಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮುದುಡಿ ಕೂತುಬಿಟ್ಟಳು. ಎಷ್ಟು ಕರೆದರೂ ಏಳಲಿಲ್ಲ, ಕೂತಲ್ಲೇ ಉಚ್ಚೆ ಹೋಗಿತ್ತು. ಸೇನಿ ತನ್ನ ಕೈಯನ್ನೇ ನೋಡಿಕೊಳ್ಳುತ್ತ ನಿಂತಳು.

ಅಂದಿನಿಂದ ಅವಳ ಮೈಮೇಲೆ ಒಂದು ಪೆಟ್ಟೂ ಬೀಳಲಿಲ್ಲ. ಏನು ಎತ್ತಿದರೂ “ತಗೋಮ್ಮ, ಪಾಪ” ಎನ್ನುತ್ತಿದ್ದರು. ಆ ‘ಪಾಪ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಉನೈಸಿಗೆ ತಾನು ಈ ಊರಿಗೆ ಬಂದೇ ಇಲ್ಲವೇನೋ ಅನ್ನಿಸುತ್ತಿತ್ತು. ಕೊನೆಗೆ ಅವಳು ಯಾರ ಮನೆಯ ಏನನ್ನೂ ಮುಟ್ಟುವುದನ್ನು ಬಿಟ್ಟಳು.

ಪೊಲೀಸರಿಗೆ ದೂರು ಕೊಟ್ಟರೂ ಕೇಸು ಊರ್ಜಿತವಾಗಲಿಲ್ಲ. ಅತಿಥಿಗೃಹಕ್ಕೆ ಬಂದುಹೋದವರು ದೇಶ ಬಿಟ್ಟು ಹೋಗಿದ್ದರು, ಅಲ್ಲಿದ್ದ ಇನ್ನೊಬ್ಬ ಹುಡುಗಿ ಹೆದರಿ ಬಾಯಿ ಬಿಡಲಿಲ್ಲ. ಅನುಮಾನಕ್ಕೆ ಎಡೆಯಿದೆ ಎಂದು ಮಕೆರೆತಾಳನ್ನು ಬಿಟ್ಟರು. ಅವಳು ಮುಂದಿನ ಭಾನುವಾರವೇ ಬಿಳಿ ಹ್ಯಾಟ್ ಹಾಕಿಕೊಂಡು ಚರ್ಚಿನ ಮುಂದಿನ ಸಾಲಿಗೆ ಬಂದು ಕೂತಳಂತೆ. ಇಂಥವರಿಗೆ ದೇವರು ಹ್ಯಾಟನ್ನಾದರೂ ಗಾಳಿಗೆ ಹಾರಿಸಬಾರದೇ?

ಆಮೇಲೆ ಕೈ ಹಿಡಿದವಳು ಲೌಟೋಕಾದ ವಕೀಲೆ ಪ್ರಣೀತಾ ನಾಯರ್. ಸಿಗರೇಟು ಬಿಟ್ಟು ಅದರ ಬದಲು ಸದಾ ಹುಣಸೆ ಮಿಠಾಯಿ ಚೀಪುತ್ತಿದ್ದ ಒರಟು ಮಾತಿನ ಹೆಂಗಸು. ಜೈಲಿಗೆ ಹಾಕಿಸುವ ದಾರಿಯೊಂದೇ ಅಲ್ಲ, ಸಿವಿಲ್ ದಾವೆಯೂ ಇದೆ ಎಂದು ಅವಳೇ ತಿಳಿಸಿಹೇಳಿದಳು. ಅಲ್ಲಿ ಎಳ್ಳಷ್ಟೂ ಅನುಮಾನ ಉಳಿಯಬಾರದು ಅಂತಿಲ್ಲ, ಯಾರ ಮಾತು ಹೆಚ್ಚು ನಂಬುವಂತಿದೆ ಅಂತ ತೂಗುತ್ತಾರೆ. ಕೂಡಿಹಾಕಿದ್ದಕ್ಕೆ, ಹೊಡೆದದ್ದಕ್ಕೆ, ಮೈಯನ್ನು ಬಾಡಿಗೆಗೆ ಕೊಟ್ಟಿದ್ದಕ್ಕೆ ಮಕೆರೆತಾಳೇ ಉತ್ತರ ಹೇಳಬೇಕು, ಪರಿಹಾರ ಕೊಡಬೇಕು.

“ಪೊಲೀಸ್ ಕೇಸಲ್ಲಿ ನೀನು ಬರೀ ಸಾಕ್ಷಿ ಕಣೆ. ಕರೆದಾಗ ಬರ್ಬೇಕು, ಹೋಗು ಅಂದಾಗ ಹೋಗ್ಬೇಕು. ಇಲ್ಲಿ ನೀನೇ ವಾದಿ. ಕೇಳೋಳು ನೀನು” ಎಂದಿದ್ದಳು ಪ್ರಣೀತಾ.

ಕೇಳೋಳು ನೀನು ಎಂಬ ಆ ಮಾತನ್ನು ಉನೈಸಿ ದೋಣಿಯಲ್ಲಿ ಊರಿಗೆ ಮರಳುವಾಗ ದಾರಿಯುದ್ದಕ್ಕೂ ಮೆಲುಕು ಹಾಕಿದಳು. ಮಕೆರೆತಾ ಅಷ್ಟರಲ್ಲಿ ಅತಿಥಿಗೃಹವನ್ನು ಮಾರಿ ಬ್ರಿಸ್ಬೇನಿನ ಮಗನ ಹತ್ತಿರ ಹೋಗಿ ನೆಲೆಸಲು ಗಂಟುಮೂಟೆ ಕಟ್ಟುತ್ತಿದ್ದಳು. ಹೋದಮೇಲೆ ಕೇಳುವುದು ಯಾರನ್ನು? ಪ್ರಣೀತಾ ಓಡಾಡಿ ಮಾರಾಟಕ್ಕೆ ತಡೆಯಾಜ್ಞೆ ತಂದಳು. ದಾವೆ ಉಳಿದರೆ ತಡೆ ಉಳಿದೀತು, ದಾವೆ ಬಿದ್ದರೆ ತಡೆಯೂ ಬಿತ್ತು, ಅತ್ತೆಯೂ ವಿಮಾನ ಹತ್ತಿದಳು.

ಆಗ ಬಂತು ತಿಮಿಂಗಿಲದ ಹಲ್ಲು.

ನಮ್ಮಲ್ಲಿ ತಪ್ಪು ಮಾಡಿದವರ ಕಡೆಯವರು ತಿಮಿಂಗಿಲದ ಹಲ್ಲನ್ನು ಎರಡು ಕೈಯಲ್ಲಿ ಹಿಡಿದು ನೊಂದವರ ಮನೆಗೆ ಬಂದು ತಲೆ ತಗ್ಗಿಸಿ ಕೂರುತ್ತಾರೆ. ಮನೆಯ ಹಿರಿಯ ಅದನ್ನು ಕೈಗೆ ತೆಗೆದುಕೊಂಡರೆ ತಪ್ಪು ಮಣ್ಣಾಯಿತು, ಮತ್ತೆ ಅದನ್ನು ಯಾರೂ ಎತ್ತಬಾರದು. ಬೇಡ ಎನ್ನುವುದು ದೊಡ್ಡ ಅವಮಾನ, ತಲೆಮಾರಿನ ಹಗೆ. ಉನೈಸಿಯ ತಂದೆಯ ಊರೆಂದರೆ ಮಕೆರೆತಾಳ ಊರೇ. ತಮ್ಮವರೇ ತಮ್ಮವರ ಕ್ಷಮೆ ಕೇಳಿಕೊಂಡರೆ ನ್ಯಾಯಾಲಯ ನಕ್ಕೀತು. ಅದಕ್ಕೇ ಅವರ ವಕೀಲ ಯೋಚಿಸಿ ಯೋಚಿಸಿ, ಹಲ್ಲನ್ನು ತಾಯಿಯ ತವರಿಗೆ, ಸೋದರಮಾವನ ಕೈಗೇ ಒಪ್ಪಿಸಿ ಎಂದು ಕಳಿಸಿದ್ದ.

ಮಕೆರೆತಾಳ ಜೊತೆ ದೋಣಿ ತುಂಬ ಜನ ಬಂದರು. ಅವರಲ್ಲಿ ಹಿರಿಯನೊಬ್ಬ ಹಲ್ಲನ್ನು ಹಿಡಿದು ಮಾತು ಹೇಳಿದ. ಮಗುವನ್ನು ನೋಡಿಕೊಳ್ಳುವುದರಲ್ಲಿ ಏನಾದರೂ ಹೆಚ್ಚುಕಡಿಮೆ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದ. ಹೆಚ್ಚುಕಡಿಮೆಯಂತೆ! ಸಾರಿಗೆ ಉಪ್ಪು ಜಾಸ್ತಿಯಾದರೆ ಹೇಳುವ ಮಾತು ಅದು. ಉನೈಸಿ ಅಡಿಗೆಮನೆಯ ಬಾಗಿಲ ಬಳಿ ಬೇಯಿಸಿದ ಮರಗೆಣಸಿನ ತಟ್ಟೆ ಹಿಡಿದು ನಿಂತಿದ್ದಳು. ಮಾವ ಬೇಡ ಎಂದಾನು ಎಂದು ಕಾದಳು. ಇನೋಕೆ ಕೆಟ್ಟವನಲ್ಲ, ಆದರೆ ಯಾರ ಮುಖಕ್ಕೂ ಇಲ್ಲ ಎಂದು ಹೇಳಿ ಗೊತ್ತಿಲ್ಲದ ಮನುಷ್ಯ. ಎರಡು ಕೈ ಚಾಚಿದ, ಹಲ್ಲನ್ನು ತೆಗೆದುಕೊಂಡ, ಮೂಗಿಗೆ ಮುಟ್ಟಿಸಿ ಕೃತಜ್ಞತೆಯ ಮಾತು ಹೇಳಿದ. ಎಲ್ಲರೂ ಬೊಗಸೆ ಕೈಯಿಂದ ಚಪ್ಪಾಳೆ ತಟ್ಟಿದರು. ಹೊರಡುವಾಗ ಮಕೆರೆತಾ ಉನೈಸಿಯನ್ನು ತಬ್ಬಿಕೊಂಡು ಎಲ್ಲರೆದುರು ಅತ್ತಳು. ಕೊಬ್ಬರಿಯೆಣ್ಣೆಯ ವಾಸನೆಯ ಆ ತೋಳುಗಳನ್ನು ಉನೈಸಿ ದೂಡಲಿಲ್ಲ, ಖಾಲಿ ತಟ್ಟೆಯನ್ನು ಹಿಡಿದುಕೊಂಡೇ ನಿಂತಳು.

ಅತಿಥಿಗಳು ಹೋದಮೇಲೆ ಮಾವ ಹಲ್ಲನ್ನು ಗೋಡೆಗೆ, ತನ್ನ ತಂಗಿಯ ಫೋಟೋದ ಪಕ್ಕದಲ್ಲಿ ತೂಗುಹಾಕಿದ. ಮುಗೀತು ಮಗಳೇ, ಇನ್ನು ನೆಮ್ಮದಿಯಾಗಿರು ಎಂದ. ಮುಗಿದದ್ದು ಯಾರಿಗೆ ಎಂದು ಕೇಳುವಷ್ಟು ಧೈರ್ಯ ಅವಳಿಗಿರಲಿಲ್ಲ. ಕೆಲವು ದಿನಗಳ ಮೇಲೆ ಅವರ ವಕೀಲ ಅರೆದು ಕುಡಿಯುವ ಯಂಗೋನಾ ಬೇರಿನ ಕಟ್ಟನ್ನು ಕಾಣಿಕೆಯಾಗಿ ಹಿಡಿದು ಬಂದು, ಹಲ್ಲು ಸ್ವೀಕರಿಸಿದ್ದು ನಿಜ ಎಂಬ ಪ್ರಮಾಣಪತ್ರಕ್ಕೆ ಇನೋಕೆಯ ಸಹಿ ಹಾಕಿಸಿಕೊಂಡ. ಸತ್ಯಕ್ಕೆ ಸಹಿ ಹಾಕೋದರಲ್ಲಿ ಏನು ತಪ್ಪು ಎಂದುಕೊಂಡ ಇನೋಕೆ.

ಪ್ರಣೀತಾ ಸುದ್ದಿ ಕೇಳಿ ಮಿಠಾಯಿಯನ್ನು ಕಟಕ್ಕನೆ ಕಡಿದಳು. ಕಾನೂನಿನ ಪ್ರಕಾರ ವಯಸ್ಸಿಗೆ ಬಂದವಳ ದಾವೆಯನ್ನು ಮಾವ ಮಣ್ಣು ಮಾಡಲಾರ. ಆದರೆ ಉನೈಸಿ ಆ ಮನೆಯಲ್ಲೇ ಇದ್ದಳು, ಬಂದವರಿಗೆ ತಟ್ಟೆ ಕೊಟ್ಟಳು, ಅತ್ತೆ ತಬ್ಬಿದಾಗ ಸುಮ್ಮನಿದ್ದಳು. ಅವಳೂ ಒಪ್ಪಿದ್ದಾಳೆ, ರಾಜಿಯಾಗಿದೆ ಎನ್ನುವುದೇ ಅವರ ವಾದ.

“ನೀನು ಒಪ್ಪಲಿಲ್ಲ ಅಂತ ನನಗೆ ಗೊತ್ತು. ಜಡ್ಜಿಗೆ ಹೇಗೆ ಗೊತ್ತಾಗ್ಬೇಕು? ಆ ಹಲ್ಲು ಇನ್ನೂ ನಿಮ್ಮನೆ ಗೋಡೆ ಮೇಲೇ ಇದೆಯಲ್ಲೇ” ಎಂದಳು.

ಉನೈಸಿಗೆ ಹೊಳೆದದ್ದು ದೋಣಿಯಲ್ಲಿ. ನಿಮ್ಮನೆ ಗೋಡೆ ಅಂದಳಲ್ಲ ಪ್ರಣೀತಾ. ಅದು ಯಾರ ಮನೆ? ತಾಯಿಯ ತವರು. ಮಕೆರೆತಾ ಅತ್ತೆ ಭೂಮಿಯ ಮೇಲಿನ ಬೇರೆ ಯಾವ ಊರಿಗೆ ಆ ಹಲ್ಲನ್ನು ಕೊಟ್ಟಿದ್ದರೂ ಉನೈಸಿ ಅದಕ್ಕೆ ಕೈ ಹಚ್ಚುವಂತಿರಲಿಲ್ಲ. ಕೊಟ್ಟಿದ್ದು ಅವಳು ಏನನ್ನು ಬೇಕಾದರೂ ಎತ್ತಬಹುದಾದ ಒಂದೇ ಒಂದು ಊರಿಗೆ. ವಿಚಾರಣೆಗೆ ಇನ್ನೊಂದು ವಾರವಿತ್ತು.

ಮಾರನೆಯ ದಿನ ಮಧ್ಯಾಹ್ನ ಮಾವ ಮನೆಯೊಳಗೆ ಕೂತು ಬಲೆ ರಿಪೇರಿ ಮಾಡುತ್ತಿದ್ದ. ಉನೈಸಿ ಅವನ ಮುಂದೆಯೇ ಹಾದು ಹೋಗಿ, ತಾಯಿಯ ಫೋಟೋವನ್ನು ಒಂದು ಕೈಯಲ್ಲಿ ಅಲುಗದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಹಲ್ಲಿನ ಹಗ್ಗ ಬಿಚ್ಚಿದಳು. ಹಲ್ಲು ಅವಳೆಣಿಸಿದ್ದಕ್ಕಿಂತ ಭಾರವಿತ್ತು. ತಿರುಗಿ ನೋಡಿದರೆ ಇನೋಕೆ ಮುಖವನ್ನು ಆಚೆ ತಿರುಗಿಸಿ ಕೂತಿದ್ದ. ಅದು ಪದ್ಧತಿಯೋ, ಸಿಟ್ಟೋ, ನಾಚಿಕೆಯೋ? ಮಾವ ಎಂದು ಕರೆದಳು. ಅವನು ಬಲೆಯ ಗಂಟು ಬಿಗಿಯುತ್ತಲೇ ಇದ್ದ.

ಹೊರಗೆ ಸೇನಿ ನಲ್ಲಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದಳು. ಉನೈಸಿಯ ಕೈಯಲ್ಲಿದ್ದುದನ್ನು ಕಂಡು ಎದ್ದು ನಿಂತಳು. ಉನೈಸಿ ಬೇಕೆಂದೇ ನಿಧಾನವಾಗಿ, ಬೆನ್ನು ಕೊಟ್ಟು ನಡೆದಳು. ಒಂದು ಪೆಟ್ಟು, ಒಂದೇ ಒಂದು ಬೈಗುಳ ಸಾಕಿತ್ತು. ದೋಣಿಯ ಕಟ್ಟೆ ಮುಟ್ಟುವವರೆಗೂ ಹಿಂದೆ ಹೆಜ್ಜೆ ಸಪ್ಪಳ ಕೇಳಲಿಲ್ಲ. ಒದ್ದೆ ಬಟ್ಟೆ ಹಿಡಿದ ಸೇನಿ ನಿಂತಲ್ಲೇ ನಿಂತಿದ್ದಳು. ಹಾಗಾದರೆ ನಾನು ಕಳ್ಳಿಯೇ ಆದೆ ಎಂದುಕೊಂಡಳು ಉನೈಸಿ. ದುಃಖ ಉಕ್ಕಿ ಬಂತು, ಆದರೂ ದೋಣಿ ಹತ್ತಿದಳು.

ಅತಿಥಿಗೃಹದ ಗೇಟಿನವರೆಗೆ ಬಂದಳು. ಒಳಗೆ ಹೋಗಲು ಆಗಲೇ ಇಲ್ಲ. ಬೇಲಿಯ ಕಂಬ ಹಿಡಿದು ನಿಂತು ಅತ್ತೆಯನ್ನು ಹೆಸರು ಹಿಡಿದು ಕೂಗಿದಳು. ರಸ್ತೆಯಾಚೆಯ ರೊಟ್ಟಿ ಅಂಗಡಿಯವರು ಇಣುಕಿ ನೋಡಿದರು. ಮಕೆರೆತಾ ಹೊರಗೆ ಬಂದವಳು ಮೊದಲು ನಕ್ಕಳು, ಆಮೇಲೆ ಹಲ್ಲನ್ನು ಕಂಡು ನಗು ನಿಲ್ಲಿಸಿದಳು.

“ನಿಮ್ಮಾವ ಕಳಿಸಿದರಾ?”

“ಇಲ್ಲ. ನಾನೇ ತಂದೆ.”

“ಕದ್ದು ತಂದೆಯಾ? ಮಾವನ ಮನೆಗೇ ಕನ್ನ ಹಾಕೋಷ್ಟು ಬೆಳೆದೆಯಾ?”

“ನೀವು ತಂದುಕೊಟ್ಟಿದ್ದು ನಮ್ಮಮ್ಮನ ತವರಿಗೆ ಅತ್ತೆ. ಅಲ್ಲಿ ನಾನು ಯಾರು ಅಂತ ಮರೆತುಬಿಟ್ರಾ?”

ಮಕೆರೆತಾ ಮರೆತೇ ಬಿಟ್ಟಿದ್ದಳು. ಮೂರು ವರ್ಷ ಚಿಲಕ ಹಾಕಿ ಇಟ್ಟವಳಿಗೆ ಊರೊಂದರಲ್ಲಿ ಹಕ್ಕಿದೆ ಎನ್ನುವುದು ನೆನಪಿರುವುದಾದರೂ ಹೇಗೆ? ಅವಳು ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಮಾಡಿಕೊಂಡಳು. ಉನೈಸಿ ಬಗ್ಗಿ ಹಲ್ಲನ್ನು ಗೇಟಿನ ಕೆಳಗಿನ ಸಂದಿಯಿಂದ ಒಳಕ್ಕೆ, ಅವಳ ಕಾಲಿನ ಹತ್ತಿರಕ್ಕೆ ತಳ್ಳಿದಳು. ಪಕ್ಕದ ಚರಂಡಿಯ ಬಳಿ ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು ಬಸ್ಸಿಗೆ ನಡೆದಳು.

ವಿಷಯ ತಿಳಿದು ಪ್ರಣೀತಾ ತಲೆಯ ಮೇಲೆ ಕೈಹೊತ್ತು ಕೂತಳು. ತನ್ನನ್ನು ಒಂದು ಮಾತು ಕೇಳಬೇಕಿತ್ತು ಎಂದಳು, ಕೇಳಿದ್ದರೆ ಬೇಡ ಎನ್ನುತ್ತಿದ್ದೆ ಎಂದೂ ಅವಳೇ ಹೇಳಿದಳು. ಮಕೆರೆತಾಳ ಕಡೆಯವರು ಆಗಲೇ ಕಳುವಿನ ಕಥೆ ಕಟ್ಟಿದ್ದರು. ಕಳುವಾದದ್ದು ನಿಜವಾದರೆ ಹಲ್ಲು ಇನ್ನೂ ಇನೋಕೆಯದೇ, ರಾಜಿ ಹಾಗೆಯೇ ಉಳಿದಿದೆ, ಮೇಲಾಗಿ ವಾದಿಯೇ ಕಳ್ಳಿ. ಹಕ್ಕಿನಿಂದ ಎತ್ತಿದ್ದಾದರೆ ಅವಳು ರಾಜಿಯನ್ನು ಹಿಂದಕ್ಕೆ ಎಸೆದಿದ್ದಾಳೆ ಎಂದಾಗುತ್ತದೆ. ಯಾವುದು ನಿಜ ಎಂದು ಹೇಳಬೇಕಾದವನು ಇನೋಕೆ, ಮತ್ತು ಅವನು ಆ ಕಡೆಯ ಸಾಕ್ಷಿ.

ವಿಚಾರಣೆಯ ದಿನ ಇನೋಕೆ ಇಸ್ತ್ರಿ ಮಾಡಿದ ಸುಲು ಪಂಚೆ ಉಟ್ಟು, ಸೇನಿಯ ಜೊತೆ ಬಂದ. ಉನೈಸಿ ಎದುರಿಗೆ ಸಿಕ್ಕರೂ ಮಾತಾಡಿಸಲಿಲ್ಲ. ಸಾಕ್ಷಿಕಟ್ಟೆಯಲ್ಲಿ ನಿಂತವನನ್ನು ಮಕೆರೆತಾಳ ವಕೀಲ ಬಹಳ ಮರ್ಯಾದೆಯಿಂದ ವಿಚಾರಿಸಿದ. ಹಲ್ಲು ಸ್ವೀಕರಿಸಿದ್ದು ಹೌದೇ? ಹೌದು. ಈಗ ಮನೆಯಲ್ಲಿದೆಯೇ? ಇಲ್ಲ. ಈ ಹುಡುಗಿ ಒಯ್ದದ್ದನ್ನು ನೀವು ನೋಡಿದಿರಾ?

“ನೋಡ್ಲಿಲ್ಲ” ಎಂದ ಇನೋಕೆ. ವಕೀಲ ಖುಷಿಯಾಗಿ ನ್ಯಾಯಾಧೀಶರ ಕಡೆ ತಿರುಗಿದ. ಆಗ ಇನೋಕೆ ಮೆಲ್ಲಗೆ ಮುಂದುವರಿಸಿದ. “ಅಲ್ಲೇ ಕೂತಿದ್ದೆ. ಮುಖ ತಿರುಗಿಸ್ಕೊಂಡೆ. ವಸು ಎತ್ತುವಾಗ ಮಾವ ನೋಡಬಾರದು ಸ್ವಾಮಿ.”

ಉನೈಸಿ ಮುಂದಿನ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆದರೆ ವಕೀಲನೂ ಇದೇ ದ್ವೀಪಗಳಲ್ಲಿ ಹುಟ್ಟಿ ಬೆಳೆದವನು, ಪದ್ಧತಿ ಬಲ್ಲವನು. ವಸು ಎತ್ತಿದರೆ ಮಾವನ ಮಕ್ಕಳು ಹೊಡೆಯಬೇಕಲ್ಲವೇ ಎಂದು ಕೇಳಿದ. ಹೌದು ಎಂದ ಇನೋಕೆ. ನಿಮ್ಮ ಮಗಳು ಅಂಗಳದಲ್ಲೇ ಇದ್ದಳು, ಹೊಡೆದಳೇ? ಇನೋಕೆ ತಲೆ ತಗ್ಗಿಸಿದ. ಇಲ್ಲ ಎಂದ. ಹೊಡೆಯದಿದ್ದರೆ ಅದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ ಎಂದು ವಕೀಲ ಕೇಳಿದ, ಕಳ್ಳತನ ಎಂದು ಉತ್ತರವನ್ನೂ ತಾನೇ ಹೇಳಿದ.

“ಯಾಕೆ ಹೊಡೀಲಿಲ್ಲ ಅಂತ ಕೇಳಿ” ಎಂದ ಇನೋಕೆ.

ವಕೀಲ ಕೇಳಲಿಲ್ಲ. ನ್ಯಾಯಾಧೀಶರು ಕೇಳಿದರು.

“ಮೊದಲೆಲ್ಲ ಹೊಡೀತಿದ್ದಳು ಸ್ವಾಮಿ. ಇವಳೂ ನಗ್ತಿದ್ಲು. ಆ ಅತ್ತೆ ಮನೆಯಿಂದ ವಾಪಸ್ ಬಂದ ದಿನ ನನ್ನ ಮಗಳು ಒಂದು ಗುದ್ದಿದಳು, ತಮಾಷೆಗೆ. ಈ ಮಗು ಮೂಲೆ ಸೇರಿ ತಲೆ ಮುಚ್ಕೊಂಡು ಕೂತುಬಿಡ್ತು. ಕೂತಲ್ಲೇ ಒದ್ದೆ ಮಾಡ್ಕೊಂಡ್ತು. ಇಪ್ಪತ್ತೊಂದು ವರ್ಷದ ಹುಡುಗಿ. ಆಮೇಲೆ ಯಾರಿಗೆ ಕೈ ಬರುತ್ತೆ?” ಇನೋಕೆ ಕಟ್ಟೆಯ ಮೇಲೆ ಕೈಯೂರಿದ. “ಇದನ್ನೆಲ್ಲ ಕಣ್ಣಾರೆ ನೋಡಿದ್ದೆ. ಆದ್ರೂ ಹಲ್ಲು ಇಸ್ಕೊಂಡೆ. ನನ್ನದಲ್ಲದ ನೋವನ್ನ ನಾನು ಮಾಫಿ ಮಾಡ್ಬಿಟ್ಟೆ. ಅದನ್ನ ಅವಳು ಎತ್ಕೊಂಡು ಹೋದಳು. ಕದ್ದಿದ್ದಲ್ಲ. ಅವಳದೇ ಅದು.”

ಉನೈಸಿ ತಲೆಯೆತ್ತಲಿಲ್ಲ. ತಾನು ಒದ್ದೆ ಮಾಡಿಕೊಂಡದ್ದನ್ನು ಇಷ್ಟು ಜನರೆದುರು ಮಾವ ಹೇಳಿಬಿಟ್ಟನಲ್ಲ ಎಂದು ನೆಲ ಬಾಯಿಬಿಡಬಾರದೇ ಎನ್ನಿಸಿತು. ಆದರೆ ಅದೇ ಮಾತನ್ನು ಪ್ರಣೀತಾ ಸರಸರನೆ ಬರೆದುಕೊಳ್ಳುತ್ತಿದ್ದಳು. ಪೊಲೀಸರಿಗೆ ಸಿಗದ ಸಾಕ್ಷ್ಯ ಅದು.

ಮಧ್ಯಾಹ್ನದ ಹೊತ್ತಿಗೆ ನ್ಯಾಯಾಧೀಶರು ಆಜ್ಞೆ ಓದಿದರು. ವಾದಿಯ ಒಪ್ಪಿಗೆಯಿಂದ ರಾಜಿಯಾಗಿಲ್ಲ, ದಾವೆ ಮುಂದುವರಿಯಲಿ, ತಡೆಯಾಜ್ಞೆ ಹಾಗೆಯೇ ಇರಲಿ ಎಂದರು. ಗೆದ್ದೆವೇ ಎಂದು ಉನೈಸಿ ಕೇಳಿದಳು. ಪ್ರಣೀತಾ ಸುಳ್ಳು ಹೇಳುವ ಜಾತಿಯಲ್ಲ. ಬಾಗಿಲು ಮುಚ್ಚಿಕೊಳ್ಳಲಿಲ್ಲ ಅಷ್ಟೆ ಎಂದಳು. ಇನ್ನು ಕೆಲವು ತಿಂಗಳಲ್ಲಿ ಅದೇ ಕಟ್ಟೆಯಲ್ಲಿ ಉನೈಸಿ ನಿಲ್ಲಬೇಕು. ಆ ಕೋಣೆಯ ಒಳಗೆ ನಡೆದದ್ದನ್ನೆಲ್ಲ ತನ್ನ ಬಾಯಿಂದಲೇ ಹೇಳಬೇಕು, ಈ ವಕೀಲ ಎಳೆಎಳೆಯಾಗಿ ಬಿಡಿಸುತ್ತಾನೆ. ಮಕೆರೆತಾ ಎದುರಿಗೇ ಕೂತಿರುತ್ತಾಳೆ. ಕಾರಿಡಾರಿನಲ್ಲಿ ಹಾದುಹೋಗುವಾಗ ಅವಳು ಉನೈಸಿಯ ಕಿವಿಗೆ ಮಾತ್ರ ಕೇಳುವಂತೆ, ಅಪ್ಪನ ಊರಿಗೆ ಇನ್ನು ನಿನ್ನ ಹೆಣವೂ ಬರುವ ಹಾಗಿಲ್ಲ ಎಂದು ಹೇಳಿ ಹೋದಳು. ಅದು ಬರಿಯ ಬೆದರಿಕೆಯಲ್ಲ ಎಂದು ಉನೈಸಿಗೆ ಗೊತ್ತಿತ್ತು.

ಹೊರಗೆ ಸುಡುಬಿಸಿಲು. ಮಾವ ದೂರದ ಮರದ ಕೆಳಗೆ ಈ ಕಡೆಗೆ ಬೆನ್ನು ಮಾಡಿ ಕೂತಿದ್ದ. ಉನೈಸಿ ಮೆಟ್ಟಿಲಿಳಿದು ಹುಲ್ಲಿನ ಮೇಲೆ ಕಾಲಿಡುತ್ತಿದ್ದಂತೆ ಹಿಂದಿನಿಂದ ಓಡಿಬರುವ ಹೆಜ್ಜೆಗಳು ಕೇಳಿದವು. ಬೆನ್ನಿಗೆ ಧಡ್ ಎಂದು ಬಿತ್ತು ಪೆಟ್ಟು. ಸೇನಿಯ ಕೈ, ಅದೇ ಒನಕೆ ಕೈ.

ಉನೈಸಿ ಕುಸಿದು ಕೂತಳು. ಎರಡೂ ಕೈ ತಾವಾಗಿಯೇ ತಲೆಯ ಮೇಲೆ ಹೋದವು. ಕೋರ್ಟಿನ ಜನ ನಿಂತು ನೋಡಿದರು. ಸೇನಿ ಈ ಸಲ ಹಿಂದೆ ಸರಿಯಲಿಲ್ಲ. ಅವಳ ಪಕ್ಕದಲ್ಲೇ ಹುಲ್ಲಿನ ಮೇಲೆ ಕೂತು, ಕಣ್ಣು ಮೂಗೆಲ್ಲ ನೀರು ಮಾಡಿಕೊಂಡು, ಅದೇ ಬೆನ್ನಿಗೆ ಇನ್ನೊಂದು ಗುದ್ದಿದಳು.

“ಕಳ್ಳಿ, ನಿಮ್ಮಪ್ಪನ ಊರಲ್ಲಿ ಕೋಳಿಗಳೆಲ್ಲ ಸತ್ತುಹೋದ್ವೇನೇ?”

ಉನೈಸಿ ತಲೆಯ ಮೇಲಿನ ಕೈ ತೆಗೆಯದೆ, ಮುದುಡಿ ಕೂತ ಹಾಗೆಯೇ ಹೇಳಿದಳು.

“ಇನ್ನೂ ಜೋರಾಗಿ ಹೊಡಿಯೇ. ಒಳಗಿರೋರಿಗೂ ಕೇಳಲಿ.”